ಬೀರಪ್ಪನಿಗೆ ಬಾರದ ಭಾಷೆ

ಬಸಕ್ಕನ ಕುರಿಗಳು ಎಷ್ಟು ಎಂದು ನನ್ನನ್ನು ಕೇಳಬೇಡಿ. ನಾನು ನಂದಾ, ಮಿಶ್ರಿಕೋಟಿಯ ಪಶುಸಖಿ. ಊರಲ್ಲಿ ಯಾರ ಮನೆಯಲ್ಲಿ ಎಷ್ಟು ಎಮ್ಮೆ, ಎಷ್ಟು ಆಕಳು, ಯಾವುದು ಗಬ್ಬ, ಯಾವುದು ಗೊಡ್ಡು ಎಂದು ಪಟ್ಟಿ ಮಾಡಿ ಕಲಘಟಗಿಯ ಪಶು ಆಸ್ಪತ್ರೆಗೆ ಕೊಡುವುದು ನನ್ನ ಕೆಲಸ. ಲಸಿಕೆ ಹಾಕಲು ಡಾಕ್ಟರು ಬಂದಾಗ ದನ ಹಿಡಿಯುವವಳೂ ನಾನೇ, ಒದೆಸಿಕೊಳ್ಳುವವಳೂ ನಾನೇ. ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆರು ವರ್ಷದಿಂದಲೂ ನನ್ನ ಪಟ್ಟಿಯಲ್ಲಿ ಬಸಕ್ಕನ ಮನೆಯ ಹೆಸರಿನ ಮುಂದಿನ ಜಾಗ ಖಾಲಿ ಇದೆ.

"ಬಸಕ್ಕಾ, ಲಸಿಕಿ ತರಸಬೇಕು. ಕುರಿ ಎಷ್ಟ ಅದಾವ ಹೇಳಬೇ."

"ಭಾಳ ಅದಾವ."

"ಭಾಳ ಅಂತ ಬರದ್ರ ಡಾಕ್ಟರು ಪಟ್ಟಿ ನನ್ನ ಮಾರಿಗೇ ಒಗೀತಾರ. ನಲವತ್ತೋ, ಐವತ್ತೋ?"

ಅಷ್ಟು ಅಂದದ್ದೇ ತಡ, ಆಕೆ ಎದ್ದು, ನನ್ನ ಬಾಯಿಂದ ಬಿದ್ದ ಅಂಕಿಗಳನ್ನು ಸೆರಗಿನಿಂದ ಕೋಳಿ ಓಡಿಸಿದಂತೆ ಓಡಿಸಿ, ಥೂ ಥೂ ಎಂದು ಉಗುಳಿ, "ಮುಂಜಾನಿ ಮುಂಜಾನಿ ಎಂಥಾ ಮಾತ ಆಡ್ತೀಬೇ ನಂದವ್ವಾ" ಎನ್ನುತ್ತಿದ್ದಳು. ಲಸಿಕೆಯನ್ನು ನಾನು ಪ್ರತಿ ಸಲ ಅಂದಾಜಿನ ಮೇಲೆ ತರಿಸುತ್ತಿದ್ದೆ. ಉಳಿದರೆ ಡಾಕ್ಟರ ಬೈಗುಳ, ಕಡಿಮೆ ಬಿದ್ದರೆ ಬಸಕ್ಕನ ಬೈಗುಳ.

ಬಸಕ್ಕನ ಮನೆತನದಲ್ಲಿ ಕುರಿ ಎಣಿಸುವುದಿಲ್ಲ. ಮನೆದೇವರು ಬೀರಪ್ಪ ಕೊಟ್ಟಿದ್ದನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂದು ಅವರ ನಂಬಿಕೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಂದೊಂದು ಮುಖವನ್ನೂ ನೋಡುತ್ತಾರೆ, ಅಷ್ಟೇ. ಮದುವೆ ಊಟಕ್ಕೆ ಕೂತಾಗ ನಾವು ನಮ್ಮ ಮನೆಯವರನ್ನು ಬೆರಳು ಮಡಚಿ ಎಣಿಸುತ್ತೇವೆಯೇ? ಯಾರು ಬಂದಿಲ್ಲವೋ ಅವರು ತಾವಾಗಿ ನೆನಪಾಗುತ್ತಾರೆ. ಆಕೆಗೆ ಎಷ್ಟು ಎಂಬುದು ಗೊತ್ತಿರಲಿಲ್ಲ, ಯಾರು ಯಾರು ಎಂಬುದು ಗೊತ್ತಿತ್ತು.

ಆಕೆಯ ಗಂಡ ಬೀರಲಿಂಗಪ್ಪ ಜೀವಮಾನದಲ್ಲಿ ಒಂದೇ ಸಲ ಎಣಿಸಿದ್ದ. ವಿಮೆಯ ಸಾಹೇಬರ ಮುಂದೆ, ದೊಡ್ಡ ದನಿಯಲ್ಲಿ, ಒಂದು ಎರಡು ಮೂರು ಎಂದು. ಆ ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂದು ಅರ್ಧ ಹಿಂಡು ಸತ್ತಿತು. ನಾನು ಬಸಕ್ಕನಿಗೆ ತಿಳಿಸಿ ಹೇಳಿದೆ: "ಅದು ಸಣ್ಣ ನೊಣ ಕಡದು ಬರೂ ಬ್ಯಾನಿ ಬಸಕ್ಕಾ. ಎಣಿಕಿಗೂ ಅದಕ್ಕೂ ಏನ್ ಸಂಬಂಧ?"

"ನೊಣ ಕಳಿಸಿದವ್ರ್ಯಾರು?" ಎಂದು ಕೇಳಿದಳು.

ಇದಕ್ಕೆ ಉತ್ತರವನ್ನು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಬೀರಲಿಂಗಪ್ಪ ತೀರಿಕೊಂಡು ಮೂರು ವರ್ಷವಾಯಿತು. ಹಿಂಡು ಬಸಕ್ಕನ ಕೈಗೆ ಬಂತು. ಕಳೆದ ವರ್ಷ ಆಕೆಯ ಕಣ್ಣು ಮಂಜಾಗತೊಡಗಿದವು. ಪೊರೆ ಇರಬೇಕು, ತೆಗೆಸಿದರಾಯಿತು ಎಂದು ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಪೊರೆಯಲ್ಲ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿವೆ, ಹೋದ ದೃಷ್ಟಿ ಹೋಯಿತು, ಇದ್ದದ್ದು ಉಳಿಯಲಿ ಎಂದು ಹನಿ ಬರೆದುಕೊಟ್ಟರು. ಬಿಸಿಲಲ್ಲಿ ಆಕೆಗೆ ಆಕಾರ ಕಾಣುತ್ತಿತ್ತು. ಹೊತ್ತು ಇಳಿದ ಮೇಲೆ ಎಲ್ಲವೂ ಉಣ್ಣೆ. ದಾರಿ ಕಾಲಿಗೆ ಗೊತ್ತಿತ್ತು, ಜೊತೆಗೆ ನಾಯಿ ಇತ್ತು, ಹಾಗಾಗಿ ಮೇಯಿಸುವುದು ನಡೆಯಿತು. ಆದರೆ ದೀಪಾವಳಿಗೆ ಮೊದಲು ಎರಡು ಕುರಿ ಅಡವಿಯ ಕಡೆ ತಪ್ಪಿಸಿಕೊಂಡವು. ಒಂದರ ಚರ್ಮ ಮಾತ್ರ ಸಿಕ್ಕಿತು. ಹೋಗಿ ಎರಡು ದಿನವಾದರೂ ಆಕೆಗೆ ಗೊತ್ತಾಗಿರಲಿಲ್ಲ.

ಮಗ ಬೀರೇಶ ಕಾಯಿಪಲ್ಲೆ ಹೇರುವ ಟೆಂಪೋ ಓಡಿಸುತ್ತಾನೆ. ಕೆಟ್ಟವನಲ್ಲ, ಮಾತು ಮಾತ್ರ ಕೊಡಲಿ ಬೀಸಿದ ಹಾಗೆ.

"ಇನ್ನೊಂದ ಕುರಿ ತಪ್ಪಲಿ, ಅವತ್ತ ಎಲ್ಲಾ ಮಾರಿಬಿಡ್ತೀನಿ. ಕುರಿ ಹುಡುಕಾಕ ಹೋಗಿ ನೀನೂ ಎಲ್ಲ್ಯರ ಹಳ್ಳಕ್ಕ ಬಿದ್ರ ನಾ ಯಾರನ್ನ ಹುಡಕ್ಲಿ?"

"ಕುರಿ ಮಾರಿದ ಮ್ಯಾಲ ನಾ ಮುಂಜಾನಿ ಎದ್ದು ಏನ್ ಮಾಡ್ಲೊ?" ಎಂದಳು ಬಸಕ್ಕ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಹೆಚ್ಚು ಸಿಟ್ಟು ಬಂತು.

ಈ ನಡುವೆ ನವೆಂಬರದಲ್ಲಿ ಫ್ರಾನ್ಸ್ ದೇಶದಿಂದ ಒಬ್ಬ ಹೆಣ್ಣುಮಗಳು ಬಂದಳು. ನಮ್ಮ ಕಡೆಯ ಕುರಿಗಳ ಉಣ್ಣೆಯ ಬಗ್ಗೆ ಅಭ್ಯಾಸ ಮಾಡಬೇಕಂತೆ. ಹಿಂಡು ತೋರಿಸುವವಳು ನಾನೇ ಆದ್ದರಿಂದ ಮೂರು ತಿಂಗಳು ನಮ್ಮ ಮಾಳಿಗೆಯ ಕೋಣೆಯಲ್ಲೇ ಉಳಿದಳು. ಹೆಸರು ಓದಿಲ್. ಇಷ್ಟು ಓದಿದವಳಿಗೆ ಇಂಥ ಹೆಸರು ಯಾಕಿಟ್ಟರೋ ಎಂದು ಊರಿಗೆ ಊರೇ ಕೇಳಿತು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದಳು. ಮೊದಲ ದಿನ ದೊಡ್ಡಿಗೆ ಹೋಗಿ, ಕೈ ಮುಗಿದು, "ನಮಸ್ಕಾರ ತಾಯಿ, ತಾವು ಕ್ಷೇಮವೇ?" ಎಂದಳು.

ಬಸಕ್ಕ ನನ್ನ ಕಡೆ ಬಾಗಿ, "ಈಕಿ ನಾಟಕದಾಕೀಯೇನಬೇ?" ಎಂದು ಕೇಳಿದಳು.

ದಿನಾ ಸಂಜೆ ಓದಿಲ್ ದೊಡ್ಡಿಯ ಬಾಗಿಲ ಬಾಜು ನಿಂತು, ಪುಸ್ತಕ ಹಿಡಿದು, ಏನೋ ಗೊಣಗುತ್ತಿದ್ದಳು. ಕಣ್ಣು ಮಂಜಾದ ಮೇಲೆ ಬಸಕ್ಕನ ಕಿವಿ ಚುರುಕಾಗಿತ್ತು.

"ಏನ್ ಗೊಣಗಾಕ್ಹತ್ತಾಳ ಈಕಿ?"

"ಏನೋ ಹಾಡ್ಕೋತಾಳ ಬಿಡ," ಎಂದೆ ನಾನು. ಆದರೆ ಓದಿಲ್‌ಗೆ ಸುಳ್ಳು ಹೇಳುವ ಪಾಠ ಆ ಪುಸ್ತಕದಲ್ಲಿ ಇರಲಿಲ್ಲ.

"ತಮ್ಮ ಕುರಿಗಳನ್ನು ಎಣಿಸುತ್ತಿದ್ದೇನೆ ತಾಯಿ," ಎಂದಳು.

ಬಸಕ್ಕನ ಕೈ ಬಡಿಗೆಯ ಮೇಲೆ ಹೋಯಿತು. ನಾನು ನಡುವೆ ಹೋಗಿ ನಿಂತೆ. ದನಗಳಿಂದ ಒದೆಸಿಕೊಂಡದ್ದು ಸಾಲದೆಂದು ಇದೊಂದು ಬಾಕಿ ಇತ್ತು.

"ಎಷ್ಟ ದಿವಸಾತು?"

"ಹದಿನೈದು ದಿನಗಳಾದವು."

"ಯಾವ ಭಾಷಾದಾಗ ಎಣಸ್ತಿ?"

"ಫ್ರೆಂಚ್ ಭಾಷೆಯಲ್ಲಿ."

ಬಸಕ್ಕ ಬಡಿಗೆಯನ್ನು ಗೋಡೆಗೆ ಒರಗಿಸಿ ದೊಡ್ಡಿಯೊಳಗೆ ಹೋದಳು. ಸಿಕ್ಕ ಕುರಿಗಳ ಕಿವಿ ಮುಟ್ಟಿ ನೋಡಿದಳು, ಬಾಯಿಗೆ ಬೆರಳು ಹಾಕಿ ನೋಡಿದಳು. ಜ್ವರವಿಲ್ಲ, ಜೊಲ್ಲಿಲ್ಲ. ಹೊರಗೆ ಬಂದು, "ಇನ್ನ ಹದನೈದ ದಿವಸ ಎಣಸು. ನೋಡೂಣು," ಎಂದಳು.

ಮತ್ತೆ ಹದಿನೈದು ದಿನ ಓದಿಲ್ ಎಣಿಸಿದಳು, ಈ ಸಲ ದೊಡ್ಡ ದನಿಯಲ್ಲಿ. ಒಂದು ಕುರಿ ಸೀನಲಿಲ್ಲ ಕೂಡ. ಆ ಹದಿನೈದು ದಿನದಲ್ಲೇ ನಾನು ಡಾಕ್ಟರನ್ನು ಕರೆಸಿ ಇಡೀ ಹಿಂಡಿಗೆ ಲಸಿಕೆ ಹಾಕಿಸಿದ್ದೆ. ಒಂದು ಟಗರು ಹಾಯ್ದು ನನ್ನ ಮೊಣಕಾಲು ಬಾತಿತ್ತು. ಆದರೂ ಹೆಸರು ಬಂದದ್ದು ಫ್ರೆಂಚ್ ಭಾಷೆಗೆ. ನನ್ನ ಮೈ ಉರಿದುಹೋಯಿತು. ಎರಡು ದಿನ ನಾನು ಬಸಕ್ಕನ ಓಣಿಗೇ ಕಾಲಿಡಲಿಲ್ಲ.

ಮೂರನೆಯ ದಿನ ಆಕೆಯೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು.

"ನಂದವ್ವಾ, ನಾ ಖಾತ್ರಿ ಮಾಡ್ಕೊಂಡ್ನಿ. ನಮ್ಮ ಬೀರಪ್ಪಗ ಆ ಭಾಷಾ ಬರಂಗಿಲ್ಲ. ದಿಟ್ಟಿಗೂ ಬರಂಗಿಲ್ಲ. ನನಗೂ ಅದನ್ನ ಕಲಸ್ರಿ."

"ನಿನಗ್ಯಾಕಬೇ ಈ ವಯಸ್ಸನ್ಯಾಗ?"

"ಮಾರಿ ಕಾಣವಲ್ವು," ಎಂದಳು ಬಸಕ್ಕ. "ಬೆನ್ನ ಕೈಗೆ ಸಿಗತಾವ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ದೊಡ್ಡಿಯ ಬಾಗಿಲು ಒಂದು ಕುರಿ ನುಗ್ಗುವಷ್ಟೇ ಅಗಲ. ಅಲ್ಲಿ ಕೂತು, ಒಳಗೆ ಹೋಗುವ ಒಂದೊಂದು ಬೆನ್ನಿಗೂ ಕೈಯಿಟ್ಟು ಎಣಿಸಿದರೆ ಕಣ್ಣು ಬೇಕಾಗಿಲ್ಲ. ಒಂದೂ ತಪ್ಪದಿದ್ದರೆ ಬೀರೇಶ ಮಾರುವಂತಿಲ್ಲ. ಆಕೆ ಎಲ್ಲವನ್ನೂ ಯೋಚಿಸಿಯೇ ಬಂದಿದ್ದಳು.

ಪಾಠ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಓದಿಲ್ ಬಣ್ಣದ ಕಾರ್ಡು ಮಾಡಿದ್ದಳು. ಓದು ಬಾರದವಳಿಗೆ, ಕಣ್ಣು ಕಾಣದವಳಿಗೆ ಕಾರ್ಡು! ಅವುಗಳನ್ನು ತೆಗೆದಿಡಿಸಿ ನಾನು ಬಸಕ್ಕನ ಮುಂದೆ ಜೋಳದ ಹಿಟ್ಟು ಇಟ್ಟೆ. ಒಂದು ರೊಟ್ಟಿ ತಟ್ಟಿ ಮುಗಿಯುವವರೆಗೆ ಒಂದೇ ಶಬ್ದ. ಹೀಗೆ ದಿನಕ್ಕೆ ಹತ್ತು ರೊಟ್ಟಿ, ಹತ್ತು ಶಬ್ದ.

ಒಂದಕ್ಕೆ ಅಂ. ಇದನ್ನು ಮೂಗಿನಿಂದ ಹೇಳಬೇಕೆಂದು ಓದಿಲ್ ಹಟ ಹಿಡಿದಳು. "ನೆಗಡಿ ಬಂದಾಗ ಹಂಗ ಹೇಳ್ತೀನಿ, ಈಗ ಹಿಂಗ ಇರಲಿ," ಎಂದಳು ಬಸಕ್ಕ. ಎರಡಕ್ಕೆ ದ್ಯೂ. ಮೂರಕ್ಕೆ ತ್ರ್ವಾ, ಅದನ್ನು ಗಂಟಲ ತಳದಿಂದ ಎಬ್ಬಿಸಬೇಕು. ಬರೀ ಮೂರಕ್ಕೆ ಆ ಜನ ಇಷ್ಟು ಕಷ್ಟ ಯಾಕೆ ಪಡುತ್ತಾರೆ ಎಂದು ಬಸಕ್ಕ ಕನಿಕರಪಟ್ಟಳು. ಕಾತ್ರ್, ಸ್ಯಾಂಕ್, ಸಿಸ್, ಸೆತ್ ಸಲೀಸಾಗಿ ಬಂದವು. ಎಂಟು ವಿತ್, ಒಂಬತ್ತು ನ್ಯಫ್, ಹತ್ತು ದಿಸ್. ಒಂದು ವಾರಕ್ಕೆ ಎಲ್ಲವೂ ಬಾಯಿಪಾಠವಾಯಿತು. ಯಾರೂ ಕಲಿಸದೆ ನನಗೂ ಬಂತು. ರೊಟ್ಟಿ ಬೇಯಿಸುವವಳು ನಾನೇ ತಾನೆ.

ಓದಿಲ್ ಹುರುಪಿನಿಂದ ನೂರರವರೆಗೂ ಕಲಿಸಲು ಹೊರಟಳು. ಬಸಕ್ಕ ತಡೆದಳು.

"ಹತ್ತ ಸಾಕು ತಂಗಿ. ಮುಂದಿಂದಕ್ಕ ಹರಳ ಅದಾವ."

ಅಂದರೆ ಪ್ರತಿ ದಿಸ್‌ಗೆ ಒಂದು ಹರಳು ಉಡಿಯೊಳಗೆ, ಮತ್ತೆ ಅಂ ದಿಂದ ಶುರು. ಮರಿಗಳು ಬುಟ್ಟಿಯ ಕೆಳಗೆ ಮನೆಯಲ್ಲೇ ಇರುವುದರಿಂದ ಅವು ಲೆಕ್ಕಕ್ಕಿಲ್ಲ. ಹರಳು ಒಟ್ಟು ಎಷ್ಟು ಎಂದು ನಾನು ಹೇಳುವಂತಿಲ್ಲ, ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಇಷ್ಟು ಹೇಳಬಹುದು: ಹರಳೆಲ್ಲ ಉಡಿಗೆ ಬಿದ್ದ ಮೇಲೆ ಕೊನೆಯ ಕುರಿಗೆ ವಿತ್ ಬರಬೇಕು. ವಿತ್ ಬಂದರೆ ಹಿಂಡು ಪೂರ್ತಿ ಬಂದ ಹಾಗೆ.

ವಿತ್ ಬರುತ್ತಿತ್ತು. ದಿನಾ ಬರುತ್ತಿತ್ತು. ಒಂದು ಸಂಜೆ ಮಾತ್ರ ಸೆತ್‌ಗೆ ನಿಂತಿತು. ನಾನು, ಓದಿಲ್, ನಾಯಿ ಮೂವರೂ ಓಡಿದೆವು. ಬೇಲಿಯ ಮುಳ್ಳಿಗೆ ಉಣ್ಣೆ ಸಿಕ್ಕಿಸಿಕೊಂಡು ಒಂದು ಕುರಿ ಅರಚುತ್ತಿತ್ತು. ಬೀರೇಶ ಮನೆಗೆ ಬರುವಷ್ಟರಲ್ಲಿ ಅದು ದೊಡ್ಡಿಯಲ್ಲಿತ್ತು. ಬಸಕ್ಕ ಆ ದಿನ ಓದಿಲ್‌ಳ ಎರಡೂ ಕೆನ್ನೆ ಸವರಿ, ಬೆರಳ ಲಟಿಗೆ ಮುರಿದು ದೃಷ್ಟಿ ತೆಗೆದಳು. ಇತ್ತ ಬೀರೇಶ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಅವ್ವ ಬಾಗಲದಾಗ ಕುಂತು ಏನೇನೋ ಅಂತಾಳಲ್ರಿ, ಕಣ್ಣ ಹೋಗಿದ್ದು ಸಾಲ್ದಂತ ತಲಿನೂ ಹೋತೇನ್ರಿ?" ಎಂದು ಕೇಳಿದ. ಫ್ರೆಂಚ್ ಭಾಷೆಯ ಲೆಕ್ಕ ಎಂದು ಹೇಳಿದೆ. ನನ್ನ ತಲೆಯ ಬಗ್ಗೆಯೂ ಅವನಿಗೆ ಅನುಮಾನ ಬಂದಂತೆ ಕಾಣಿಸಿತು.

ಫೆಬ್ರುವರಿಯಲ್ಲಿ ಓದಿಲ್ ತನ್ನ ದೇಶಕ್ಕೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಅತ್ತಳು. ಅಳುವುದನ್ನು ಮಾತ್ರ ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ, ಥೇಟ್ ನಮ್ಮ ಹಾಗೇ ಅತ್ತಳು.

ಯುಗಾದಿಗೆ ಇನ್ನೊಂದು ವಾರವಿತ್ತು. ಜಂತಿನ ಔಷಧಿ ಕುಡಿಸಲೆಂದು ನಾನು ಸಂಜೆ ಬಸಕ್ಕನ ದೊಡ್ಡಿಗೆ ಹೋಗಿದ್ದೆ. ಎಂದೂ ಹೊತ್ತು ಮುಳುಗುವ ಮೊದಲು ಬಾರದ ಬೀರೇಶ ಅಂದು ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದ. ಹಿಂಡು ಬಂತು. ಬಸಕ್ಕ ಬಾಗಿಲಲ್ಲಿ ಕೂತು ಬೆನ್ನಿಗೆ ಕೈಯಿಡುತ್ತಾ ಹೋದಳು. ಅಂ, ದ್ಯೂ, ತ್ರ್ವಾ. ಹರಳುಗಳು ಉಡಿಗೆ ಬಿದ್ದವು. ಕೊನೆಯ ಹರಳೂ ಬಿತ್ತು. ಮತ್ತೆ ಅಂ, ದ್ಯೂ, ತ್ರ್ವಾ. ಕಾತ್ರ್, ಸ್ಯಾಂಕ್, ಸಿಸ್, ಸೆತ್.

ಆಮೇಲೆ ಬೆನ್ನು ಬರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು.

ಬಸಕ್ಕ ಎಲ್ಲವನ್ನೂ ಹೊರಗೆ ಹೊಡೆಸಿ ಮತ್ತೊಮ್ಮೆ ಎಣಿಸಿದಳು. ಮತ್ತೆ ಸೆತ್.

"ಎಲ್ಲಾ ಬಂದಾವೇನಬೇ?" ಎಂದ ಬೀರೇಶ.

ಲೆಕ್ಕ ಕಡಿಮೆ ಬಿದ್ದದ್ದು ಬಸಕ್ಕನಿಗೆ ಗೊತ್ತು, ನನಗೆ ಗೊತ್ತು. ಬೀರೇಶನಿಗೆ ಸೆತ್ ಯಾವುದು, ವಿತ್ ಯಾವುದು? ಹೂಂ ಎಂದರೆ ಮುಗಿಯಿತು, ಹಿಂಡು ಉಳಿಯಿತು. ಹೂಂ ಅನ್ನು ಬಸಕ್ಕಾ, ಆ ಕುರಿಯನ್ನು ನಾನು ರಾತ್ರಿಯೆಲ್ಲ ಹುಡುಕಿ ತರುತ್ತೇನೆ ಎಂದು ಮನಸ್ಸಿನಲ್ಲೇ ಒದರಿದೆ. ನನ್ನ ನಾಲಿಗೆಯ ತುದಿಗೂ ಸುಳ್ಳು ಬಂದು ನಿಂತಿತ್ತು.

ಬಸಕ್ಕ ಉಡಿಯ ಹರಳುಗಳನ್ನು ನೆಲಕ್ಕೆ ಸುರಿದಳು.

"ಇಲ್ಲಪಾ. ಒಂದ ಕಮ್ಮಿ ಐತಿ."

ಕನ್ನಡದಲ್ಲಿ ಅಂದಳು. ದೊಡ್ಡಿಯ ಬಾಗಿಲಲ್ಲೇ, ಅಷ್ಟೂ ಕುರಿಗಳಿಗೆ ಕೇಳಿಸುವಂತೆ.

ಬೀರೇಶ ಇದನ್ನು ನಿರೀಕ್ಷಿಸಿರಲಿಲ್ಲ. "ಯಾವುದಬೇ?" ಎಂದ.

ಲೆಕ್ಕ ಎಷ್ಟು ಎಂದು ಹೇಳಿತ್ತು, ಯಾರು ಎಂದು ಹೇಳಿರಲಿಲ್ಲ. ಬಸಕ್ಕ ಎದ್ದು ಒಳಗೆ ಹೋಗಿ, ಕುರಿಗಳ ನಡುವೆ ಮೊಣಕಾಲೂರಿ ಕುಳಿತು, ಒಂದೊಂದರ ಮುಖವನ್ನೂ ಎರಡು ಕೈಯಿಂದ ಹಿಡಿದು ಸವರತೊಡಗಿದಳು. ಮೋಟಗಿವಿ. ಕರಿಯವ್ವ. ಬೋಳಿ. ಜೋಗಮ್ಮ. ಹೆಸರು ಹೇಳಿ ಬೆನ್ನಿನ ಹಿಂದೆ ಬಿಡುವುದು, ಮುಂದಿನದನ್ನು ಹಿಡಿಯುವುದು. ಹೊತ್ತು ಮುಳುಗಿತು. ನಾನು ಔಷಧಿಯ ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ.

"ಕೆಂಚಿ," ಎಂದಳು ಕೊನೆಗೆ. "ನನ್ನ ಕೆಂಚಿ ಇಲ್ಲ."

ಮರಿಯಿದ್ದಾಗಲೇ ಅದರ ತಾಯಿ ಸತ್ತಿತ್ತು. ಆಡಿನ ಹಾಲು ಕುಡಿದು ಬಸಕ್ಕನ ಮಡಿಲಲ್ಲೇ ಬೆಳೆದದ್ದು.

ಬೀರೇಶ ಶಾಲೆಯ ಹಿಂದೆ ನಿಲ್ಲಿಸಿದ್ದ ಟೆಂಪೋಕ್ಕೆ ಓಡಿದ. ಕೆಂಚಿಯನ್ನು ಹೆಗಲ ಮೇಲೆ ಹೊತ್ತು ತಂದು ಅವ್ವನ ಮುಂದೆ ಇಳಿಸಿದ.

"ನಾನ ಹಿಡಕೊಂಡ ಹೋಗಿದ್ನಿ ಯವ್ವಾ. ಯಾವುದಂತ ನನಗೂ ಗೊತ್ತಿರಲಿಲ್ಲ, ಕೈಗೆ ಸಿಕ್ಕಿದ್ದು ಹಿಡದ್ನಿ. ನಿನಗ ಗೊತ್ತಾಗೂದಿಲ್ಲಂತ ತೋರಸಬೇಕು ಅಂದ್ಕೊಂಡಿದ್ನಿ. ನೀ ಗೆದ್ದಿ. ಮಾರೂದಿಲ್ಲ ತಗೊ."

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅವನಿಗೆ ಅಂದೆ. ಹೆತ್ತ ತಾಯಿಗೆ ಪರೀಕ್ಷೆ ಇಡುತ್ತೀಯೇನೋ ಬಾಡ್ಯಾ, ನಿನ್ನ ಟೆಂಪೋಕ್ಕೆ ಬೆಂಕಿ ಬೀಳಲಿ ಎಂದೆ. ಅವನು ತಲೆ ಎತ್ತದೆ ಕೇಳಿಸಿಕೊಂಡ. ಆದರೆ ಬಸಕ್ಕನ ಮುಖದ ಮೇಲೆ ಗೆದ್ದ ಕಳೆ ಇರಲಿಲ್ಲ.

"ಎಷ್ಟೊತ್ತಿಗೆ ಹಿಡದಿ?"

"ಮಧ್ಯಾಹ್ನ ಹನ್ನೆರಡರ ಸುಮಾರ."

"ನಾ ಎಲ್ಲಿದ್ನಿ?"

"ಅಲ್ಲೇ. ಬೇವಿನ ಗಿಡದ ಬುಡಕ. ಹತ್ತ ಮಾರ ದೂರ."

"ಒದರಲಿಲ್ಲೇನು?"

"ಬಾಯಿ ಹಿಡದಿದ್ನಿ."

ಬಸಕ್ಕ ಕೆಂಚಿಯ ಮೂತಿಯನ್ನು ಸವರಿದಳು.

"ಹನ್ನೆರಡಕ್ಕ ಹೋಗೇತಿ. ಹೊತ್ತ ಮುಳಗೂತನಕ ನನಗ ಗೊತ್ತಿಲ್ಲ. ಲೆಕ್ಕ ಸಂಜಿಗೆ ಹೇಳ್ತೈತೋ ಬೀರೇಶಾ, ತ್ವಾಳ ಮಧ್ಯಾಹ್ನನ ಬರ್ತೈತಿ." ಆಮೇಲೆ, "ಕಣ್ಣಿದ್ದವ್ರನ್ನ ಹುಡುಕು. ಮಾರೂಣು," ಎಂದಳು.

ಮಾರುತ್ತೇನೆ ಎಂದು ದೀಪಾವಳಿಯಿಂದಲೂ ಹೆದರಿಸಿದವನು ಆ ಸಂಜೆ ಬ್ಯಾಡಬೇ ಬ್ಯಾಡಬೇ ಎಂದು ಅವ್ವನ ಕಾಲು ಹಿಡಿದ. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಬಸಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಜಂತಿನ ಔಷಧಿ ಇವತ್ತೇ ಕುಡಿಸಿಬಿಡು, ಹೋದ ಮನೆಯಲ್ಲಿ ಅವಕ್ಕೆ ತೊಂದರೆಯಾಗಬಾರದು ಎಂದು ನನಗೆ ಹೇಳಿದಳು.

ಕೊಳ್ಳಲು ಬಂದವನು ದೇವಿಕೊಪ್ಪದ ಭೀಮಶಿ. ನಲವತ್ತರ ಆಸುಪಾಸಿನ ಕುರಿಗಾರ, ಕಣ್ಣು ಗಿಡುಗನ ಹಾಗೆ. ಯುಗಾದಿ ಮುಗಿದ ಮರುದಿನವೇ ಹೊಡೆದುಕೊಂಡು ಹೋಗೋಣವೆಂದು ಬಂದಿದ್ದ. ಬಸಕ್ಕ ಬಿಡಲಿಲ್ಲ. ಅವನನ್ನು ಮೂರು ದಿನ ದೊಡ್ಡಿಯಲ್ಲಿ ಎದುರಿಗೆ ಕೂಡ್ರಿಸಿಕೊಂಡು, ಒಂದೊಂದೇ ಕುರಿಯ ಮುಖ ಹಿಡಿದು ಅವನ ಕಡೆ ತಿರುಗಿಸಿ ಪರಿಚಯ ಮಾಡಿಸಿದಳು. ಇದು ಮೋಟಗಿವಿ, ಹರಿಯುವ ನೀರು ಕುಡಿಯುವುದಿಲ್ಲ. ಇದು ಕರಿಯವ್ವ, ಗುಡುಗಿದರೆ ನಿನ್ನ ಕಾಲಸಂದಿಗೆ ಬರುತ್ತದೆ, ಒದೆಯಬೇಡ. ಇದು ಜೋಗಮ್ಮ, ಸುಮ್ಮಸುಮ್ಮನೆ 'ಬ್ಯಾ' ಅನ್ನುತ್ತದೆ, ಸುಮ್ಮನಾದರೆ ಬ್ಯಾನಿ ಬಂದಿದೆ ಎಂದು ತಿಳಿ. ಭೀಮಶಿ ಬರೆದುಕೊಳ್ಳಲಿಲ್ಲ. ಮುಖ ನೋಡಿದ, ಹೆಸರು ಹೇಳಿದ, ಹೂಂ ಎಂದ. ಮರುದಿನ ಬಸಕ್ಕ ಕೇಳಿದಾಗ ಒಂದನ್ನೂ ತಪ್ಪಲಿಲ್ಲ.

ಮೂರನೆಯ ದಿನ ಸಂಜೆ ಎಲ್ಲ ಮುಗಿದು, ಬಸಕ್ಕನ ಮಡಿಲಿಗೆ ಒತ್ತಿಕೊಂಡು ಕೆಂಚಿಯೊಂದೇ ಉಳಿದಿತ್ತು.

"ಇದರ ಗುಣಾ ಏನ್ರೀ ಯವ್ವಾ?" ಎಂದ ಭೀಮಶಿ.

"ಇದರ ಗುಣಾ ನಿನಗ ಬ್ಯಾಡ," ಎಂದಳು ಬಸಕ್ಕ.

ಭೀಮಶಿ ಹೂಂ ಎಂದು ಎದ್ದ. ಬೀರೇಶ ದೊಡ್ಡಿಯ ತಡಿಕೆ ತೆಗೆದ. ಭೀಮಶಿ ಸಿಳ್ಳೆ ಹಾಕಿದ. ಹಿಂಡು ಒದರುತ್ತಾ ದೇವಿಕೊಪ್ಪದ ದಾರಿ ಹಿಡಿಯಿತು. ಬಸಕ್ಕ ಅತ್ತ ತಿರುಗಲಿಲ್ಲ. ಆ ಸದ್ದು ದೂರವಾಗಿ ಅಡಗುವ ತನಕ ಕೆಂಚಿಯ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು ಕುಳಿತಿದ್ದಳು.